ನೆರಳು ಬೀಳುವ ಹಿತ್ತಿಲಲ್ಲಿ ಒಂದೆಲಗ ಹಬ್ಬಿಸುವುದು ಹೇಗೆ?

ಪ್ರಶ್ನೆ: ಮಾವಿನಡಿ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಬನಶಂಕರಿ ಕಡೆ. ಮನೆ ಹಿಂದೆ 6 ಅಡಿ ಅಗಲ, 15 ಅಡಿ ಉದ್ದದ ಜಾಗ ಇದೆ. ಒಂದು ಬದಿಗೆ ಪಕ್ಕದ ಮನೆಯ ಮೂರು ಮಹಡಿಯ ಗೋಡೆ. ಇನ್ನೊಂದು ತುದಿಯಲ್ಲಿ ನಮ್ಮದೇ ಹಳೇ ಮಾವಿನ ಮರ. ಬೆಳಿಗ್ಗೆ ಎಂಟರಿಂದ ಹತ್ತರ ತನಕ ಪೂರ್ವದ ಮೂಲೆಗೆ ಬಿಸಿಲು ಬರುತ್ತದೆ. ಆಮೇಲೆ ಎಲೆ ಸಂದಿಯಿಂದ ಚುಕ್ಕಿ ಚುಕ್ಕಿ ಬೆಳಕು, ಅಷ್ಟೇ. ಗೋಡೆ ಬುಡದಲ್ಲಿ ವರ್ಷದ ಮುಕ್ಕಾಲು ಭಾಗ ತೇವ ಇರುತ್ತದೆ, ಪಾಚಿಯೂ ಕಟ್ಟಿದೆ.

ಅಲ್ಲಿ ಮೆಕ್ಸಿಕನ್ ಹುಲ್ಲು ಹಾಕಿಸಿದ್ದೆವು. ಪೂರ್ವದ ಮೂಲೆಯಲ್ಲಿ ಒಂದು ತುಂಡು ಬಿಟ್ಟರೆ ಉಳಿದದ್ದೆಲ್ಲ ಹಳದಿ ಆಗಿ ಹೋಯಿತು. ಈಗ ಬರೀ ಮಣ್ಣು. ಮಳೆ ಬಂದರೆ ಗೋಡೆಗೆಲ್ಲ ಕೆಂಪು ಸಿಡಿಯುತ್ತದೆ.

ಅಮ್ಮ ಗಾಂಧಿ ಬಜಾರ್‌ನಿಂದ ಒಂದೆಲಗದ ಕಟ್ಟು ತರುತ್ತಾರೆ. ಅದನ್ನೇ ಇಲ್ಲಿ ಹಬ್ಬಿಸಿದರೆ ನೆಲವೂ ಮುಚ್ಚುತ್ತದೆ, ಅಡುಗೆಗೂ ಆಗುತ್ತದೆ ಅನ್ನೋದು ಅವರ ಆಸೆ. ಇಷ್ಟು ನೆರಳಿನಲ್ಲಿ ಬರುತ್ತದಾ? ನಮ್ಮಲ್ಲಿ ಕಾವೇರಿ ನೀರು ವಾರಕ್ಕೆರಡು ದಿನ. ಉಳಿದ ದಿನ ಬೋರ್‌ವೆಲ್ ನೀರು, ಅದು ಗಡಸು. ಆರ್‌ಓ ಮೆಷಿನ್‌ನಿಂದ ಹೊರಗೆ ಹೋಗುವ ನೀರನ್ನು ಗಿಡಕ್ಕೆ ಬಿಡಬಹುದಾ? ಮಕ್ಕಳು ಅಲ್ಲಿ ಓಡಾಡುತ್ತಾರೆ, ತುಳಿದರೆ ತಡೆಯುತ್ತದಾ?

ಇನ್ನೊಂದು. ನರ್ಸರಿಯಲ್ಲಿ ಕೇಳಿದಾಗ ಬ್ರಾಹ್ಮಿ ಅಂತ ಒಂದು ಕುಂಡ ಕೊಟ್ಟರು. ಎಲೆ ಪೂರ್ತಿ ದುಂಡಗೆ, ಎಣ್ಣೆ ಸವರಿದ ಹಾಗೆ ಹೊಳೆಯುತ್ತದೆ. ಅಮ್ಮ ನೋಡಿ ಇದು ನಾನು ತರೋ ಸೊಪ್ಪಲ್ಲ ಅಂದರು. ತಿಳಿದವರು ಹೇಳಿ.

ಉತ್ತರ: ಹಸಿರು ಮೈಸೂರು

ಓಡಾಟದ ಪ್ರಶ್ನೆಗೆ ಮೊದಲು ಹೇಳಿಬಿಡುತ್ತೇನೆ. ದಿನಾ ತುಳಿಯುವ ಜಾಗಕ್ಕೆ ಒಂದೆಲಗ ಆಗುವುದಿಲ್ಲ. ತೊಟ್ಟು ಮೆತ್ತಗಿರುತ್ತದೆ, ಕಾಲಿಟ್ಟಲ್ಲಿ ಮುರಿದು ಮಲಗುತ್ತದೆ. ಒಂದೊಂದು ಹೆಜ್ಜೆಗೆ ಒಂದು ಚಪ್ಪಡಿ ಕಲ್ಲು ಹಾಕಿ. ಕಲ್ಲಿನ ಸುತ್ತ ಗಿಡ ತಾನಾಗಿ ತುಂಬಿಕೊಳ್ಳುತ್ತದೆ, ನೋಡಲೂ ಚೆನ್ನ.

ಮಾವಿನ ಬುಡದ ಹತ್ತಿರ ಒಣಗುವ ಭಾಗ ಇದ್ದೇ ಇರುತ್ತದೆ, ಮರದ ಬೇರು ಮೇಲಿನ ನೀರನ್ನೆಲ್ಲ ಎಳೆದುಕೊಳ್ಳುತ್ತದೆ. ಅಲ್ಲಿಗೆ ಬೇರೆ ಗಿಡ ಯೋಚಿಸಿ. ಹಳದಿ ಹೂವಿನ ಪಿಂಟೋ ಕಡಲೆ ಅರ್ಧ ನೆರಳಿಗೆ ಒಗ್ಗುತ್ತದೆ. ಕಡಲೆ ಜಾತಿಯದು, ಗಾಳಿಯ ಸಾರಜನಕ ಹಿಡಿದು ಮಣ್ಣಿಗೂ ಒಳ್ಳೆಯದು ಮಾಡುತ್ತದೆ. ಇನ್ನೂ ಕತ್ತಲಾದ ಕಡೆ ಮೊಂಡೋ ಹುಲ್ಲು ಇರಲಿ. ಮೆಲ್ಲಗೆ ಹರಡುತ್ತದೆ, ಆದರೆ ಒಮ್ಮೆ ಕೂತರೆ ಅಲುಗುವುದಿಲ್ಲ.

ಒಂದು ಮಾತ್ರ ಬೇಡ. ಯಾರಾದರೂ ವೆಡೆಲಿಯಾ ಕೊಡುತ್ತೇವೆ ಅಂದರೆ ಕೈ ಮುಗಿದು ಬೇಡ ಅನ್ನಿ. ರಸ್ತೆ ನಡುವಿನ ಪಟ್ಟಿಯಲ್ಲೆಲ್ಲ ಹಳದಿ ಹೂ ಬಿಡುತ್ತಲ್ಲ, ಅದೇ. ನೆರಳು, ಬಿಸಿಲು, ಕೆಸರು ಎಲ್ಲದರಲ್ಲೂ ಬರುತ್ತದೆ ನಿಜ. ಆದರೆ ಬೇಲಿ ದಾಟಿ ಹಳ್ಳದ ದಂಡೆಗೆ ಇಳಿದರೆ ಅಲ್ಲಿನ ಸಣ್ಣ ಗಿಡ ಒಂದನ್ನೂ ಉಳಿಸುವುದಿಲ್ಲ.

ಉತ್ತರ: ಕಾದಿಗೆ ದಂಡೆ (ಸಾಗರ ತಾಲೂಕು)

ಬರುತ್ತದೆ, ಧೈರ್ಯವಾಗಿ ಹಾಕಿ. ಆದರೆ ನಿಮ್ಮ 15 ಅಡಿಗೂ ಒಂದೇ ಸಮ ಬರುವುದಿಲ್ಲ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಮೊದಲು ಆ ನರ್ಸರಿ ಗಿಡದ ವಿಚಾರ. ಒಂದು ಎಲೆ ಕಿತ್ತು ಮಗುಚಿ ನೋಡಿ. ತೊಟ್ಟು ಎಲೆಯ ನಡುಮಧ್ಯಕ್ಕೆ, ಕೊಡೆಗೆ ಕೋಲು ಸಿಕ್ಕಿಸಿದ ಹಾಗೆ ಅಂಟಿಕೊಂಡಿದ್ದರೆ ಅದು ಹೈಡ್ರೋಕೊಟೈಲ್. ಅಲಂಕಾರಕ್ಕೆ, ನೀರಿನ ತೊಟ್ಟಿಗೆ ಇಡುವ ಗಿಡ. ಒಂದೆಲಗದ ಎಲೆಗೆ ಒಂದು ಕಡೆ ಆಳವಾದ ಸೀಳು ಇರುತ್ತದೆ, ತೊಟ್ಟು ಆ ಸೀಳಿನ ಒಳತುದಿಗೆ ಸೇರುತ್ತದೆ. ಅಂಚು ಸಣ್ಣ ಸಣ್ಣ ಹಲ್ಲು. ಎಲೆ ಹಸಿರು, ಆದರೆ ಆ ಥರ ಮಿರಿಮಿರಿ ಹೊಳಪಿಲ್ಲ. ಎಲೆ ಸರಿಸಿ ನೆಲದ ಹತ್ತಿರ ನೋಡಿದರೆ ಸಾಸಿವೆಗಿಂತ ತುಸು ದೊಡ್ಡ ನಸುಗೆಂಪು ಹೂ, ಸಾಮಾನ್ಯವಾಗಿ ಮೂರು ಮೂರು ಒಟ್ಟಿಗೆ. ಎಲೆ ಹೊಸಕಿ ಮೂಸಿ. ಕೊತ್ತಂಬರಿ, ಗಜ್ಜರಿಯ ಕುಟುಂಬದ ಗಿಡ ಇದು, ಆ ಘಾಟು ಸಣ್ಣಗೆ ಬರುತ್ತದೆ. ಇನ್ನು ನೀರುಬ್ರಾಹ್ಮಿ ಅಂತ ಮಾರುವ ಗಿಡವೇ ಬೇರೆ. ಅದರ ಎಲೆ ಪುಟ್ಟದು, ದಪ್ಪ, ಕಾಂಡದ ಎರಡೂ ಕಡೆ ಜೋಡಿಯಾಗಿ ಇರುತ್ತದೆ. ಅಂಗಡಿಯಲ್ಲಿ ಎರಡಕ್ಕೂ ಬ್ರಾಹ್ಮಿ ಅಂತಲೇ ಚೀಟಿ. ಅದಕ್ಕೆ ನಿಮ್ಮ ಅಮ್ಮನ ಕಣ್ಣನ್ನೇ ನಂಬಿ.

ನರ್ಸರಿ ಗಿಡ ಬೇಕಾಗಿಯೂ ಇಲ್ಲ. ಗಾಂಧಿ ಬಜಾರ್ ಕಟ್ಟಿನಲ್ಲೇ ಬೇರು ಸಮೇತ ಕಿತ್ತ ತುಂಡು ಇರುತ್ತದೆ. ಒಂದು ಗೆಣ್ಣು, ಅದರ ಅಡಿಗೆ ನಾಲ್ಕು ಬೇರು, ಮೇಲೊಂದು ಎಳೆ ಎಲೆ ಇದ್ದರೆ ಅದೇ ಸಸಿ. ದೊಡ್ಡ ಎಲೆ ಚಿವುಟಿ ಅಡುಗೆಗೆ ಕೊಡಿ, ಬುಡವನ್ನು ಒಂದು ರಾತ್ರಿ ತಣ್ಣೀರಿನಲ್ಲಿಟ್ಟು ಮಾರನೇ ದಿನ ಸಂಜೆ ನೆಡಿ. ಬೀಜದ ಸುದ್ದಿಗೆ ಹೋಗಬೇಡಿ, ಮೊಳೆಯುವುದು ತುಂಬಾ ನಿಧಾನ.

ಈಗ ನೆರಳು. ನಮ್ಮಲ್ಲಿ ಇದು ತಾನಾಗಿ ಬರುವುದು ಅಡಕೆ ತೋಟದ ಕಾದಿಗೆ ದಂಡೆ ಮೇಲೆ. ಕಾದಿಗೆ ಅಂದರೆ ಎರಡು ಸಾಲಿನ ನಡುವೆ ನೀರು ಬಸಿದು ಹೋಗುವ ಕಾಲುವೆ. ಕಾಲುವೆಯ ತಳದಲ್ಲಿ ನೀರು ನಿಲ್ಲುತ್ತದೆ, ಅಲ್ಲಿ ಒಂದೆಲಗ ಇಲ್ಲ. ತೋಟದ ದಿಬ್ಬದ ನೆತ್ತಿ ಒಣಗುತ್ತದೆ, ಅಲ್ಲೂ ಇಲ್ಲ. ಎರಡರ ಮಧ್ಯೆ ಒಂದು ಗೇಣು ಓರೆ ಜಾಗ, ಅಲ್ಲಿ ಬೆರಳು ತೂರಿಸಲು ಸಂದಿ ಇಲ್ಲದ ಹಾಗೆ ಹಬ್ಬಿರುತ್ತದೆ. ಅಡಕೆ ಹೆಡೆಯ ಮಧ್ಯದಿಂದ ಇಡೀ ದಿನ ಬೆಳಕು ಆಚೀಚೆ ಆಡುತ್ತಲೇ ಇರುತ್ತದೆ. ಈ ಗಿಡಕ್ಕೆ ಬೇಕಾದ ನೆರಳು ಅದು. ಪೂರ್ತಿ ಕತ್ತಲೆ ಅಲ್ಲ.

ನಿಮ್ಮ ಜಾಗದಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಒಂದು ಪತ್ರಿಕೆ ಹಿಡಿದು ಕೂತು ನೋಡಿ. ಸಣ್ಣ ಅಕ್ಷರ ಆರಾಮಾಗಿ ಓದಲು ಬಂದರೆ ಅಲ್ಲಿ ಗಿಡ ಬದುಕುತ್ತದೆ. ಕಣ್ಣು ಕಿರಿದು ಮಾಡಬೇಕಾದರೆ ಅಲ್ಲಿ ಬೇಡ. ನೆಟ್ಟ ಮೇಲೆ ಗಿಡವೇ ಹೇಳುತ್ತದೆ, ತೊಟ್ಟು ನೋಡಿ. ತೊಟ್ಟು ಗೇಣುದ್ದ ಆಗಿ, ಎಲೆ ತೆಳ್ಳಗೆ ಆಗಿ ವಾಲುತ್ತಿದ್ದರೆ ಬೆಳಕು ಸಾಲದು. ಎಲೆ ಎಂಟಾಣೆ ಬಿಲ್ಲೆಯಷ್ಟೇ ಆಗಿ, ಗಟ್ಟಿಯಾಗಿ, ಅಂಚು ಕೆಂಪಾದರೆ ಬಿಸಿಲು ಜಾಸ್ತಿ, ನೀರು ಕಮ್ಮಿ. ಎರಡು ಬೆರಳಗಲದ ಎಲೆ, ನಾಲ್ಕೈದು ಇಂಚಿನ ತೊಟ್ಟು ಇದ್ದರೆ ಸರಿಯಾದ ಜಾಗಕ್ಕೆ ಬಿದ್ದಿದೆ ಅಂತ ಅರ್ಥ.

ಬೆಳಕು ಹೆಚ್ಚಿಸಲು ಎರಡು ಕೆಲಸ ಮಾಡಬಹುದು. ಮಾವಿನ ಕಾಯಿ ಮುಗಿದ ಮೇಲೆ ಕೆಳಗಿನ ಎರಡು ಕೊಂಬೆ ತೆಗೆಸಿ. ಪಕ್ಕದವರು ಒಪ್ಪಿದರೆ ಆ ಗೋಡೆಗೆ ಸುಣ್ಣ ಹೊಡೆಸಿ. ಬಿಳಿ ಗೋಡೆಯಿಂದ ತಿರುಗಿ ಬರುವ ಬೆಳಕು ಕಮ್ಮಿ ಏನಲ್ಲ. ಆದರೆ ಸುಣ್ಣ ಹೊಡೆಯುವ ಮೊದಲು ಹಳೇ ಬಣ್ಣ ಕೆರೆದರೆ ಆ ಪುಡಿ ನೆಲಕ್ಕೆ ಬೀಳದಂತೆ ಟಾರ್ಪಾಲ್ ಹಾಸಿ. ಇದನ್ನು ಒತ್ತಿ ಹೇಳುತ್ತೇನೆ. ಹಳೇ ಬಣ್ಣದಲ್ಲಿ ಸೀಸ ಇರಬಹುದು. ಮಣ್ಣಿನಲ್ಲಿ ಸೀಸ, ಕ್ಯಾಡ್ಮಿಯಂ ಇದ್ದರೆ ಒಂದೆಲಗ ಅದನ್ನು ಎಳೆದು ತನ್ನೊಳಗೆ ಇಟ್ಟುಕೊಳ್ಳುವ ಗಿಡ. ನಾವು ತಿನ್ನುವುದು ಆ ಎಲೆಯನ್ನೇ. ಕಟ್ಟಡದ ಪುಡಿ, ಬಣ್ಣದ ಚಕ್ಕೆ ಇರುವ ಮಣ್ಣಾದರೆ ಮೇಲಿನ ಅರ್ಧ ಅಡಿ ತೆಗೆದು ಬೇರೆ ಮಣ್ಣು ತುಂಬಿ. ಇದೇ ಕಾರಣಕ್ಕೆ ಬಚ್ಚಲು ನೀರು, ವಾಷಿಂಗ್ ಮೆಷಿನ್ ನೀರು ಬೇಡ. ಹಿಂದೆ ಎಲ್ಲರ ಮನೆ ಬಚ್ಚಲ ಹಿಂದೆ ಒಂದೆಲಗ ಇತ್ತು ನಿಜ. ಆಗ ಸೀಗೆಪುಡಿ, ಕಡಲೆಹಿಟ್ಟಿನ ನೀರು ಹೋಗುತ್ತಿತ್ತು. ಈಗ ಹೋಗುವುದು ಏನು ಅಂತ ನಿಮಗೇ ಗೊತ್ತು.

ಮಣ್ಣು ಎರಡು ಪಾಲು ಕೆಂಪುಮಣ್ಣು, ಒಂದು ಪಾಲು ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ, ಅರ್ಧ ಪಾಲು ತೆಂಗಿನ ನಾರಿನ ಪುಡಿ. ಬೇರು ಆಳಕ್ಕೆ ಹೋಗುವುದಿಲ್ಲ, ಅರ್ಧ ಅಡಿ ಸಾಕು. ಮಾವಿನ ಬೊಡ್ಡೆಗೆ ಮಾತ್ರ ಮಣ್ಣು ಏರಿಸಬೇಡಿ, ತೊಗಟೆ ಕೊಳೆಯುತ್ತದೆ. ಎರಡಡಿ ದೂರ ಬಿಡಿ. ಗೋಡೆ ಕಡೆ ತುಸು ಎತ್ತರ, ಹೊರಗಡೆ ತುಸು ತಗ್ಗು ಇರಲಿ. ಮಳೆ ನೀರು ನಿಲ್ಲಬಾರದು, ಗೋಡೆಗೂ ಇಂಗಬಾರದು.

ಒಂದು ಗೇಣಿಗೆ ಒಂದು ತುಂಡು ನೆಡಿ. ಬಳ್ಳಿ ಹೊರಟ ಮೇಲೆ ಪ್ರತಿ ಗೆಣ್ಣೂ ಮಣ್ಣು ಮುಟ್ಟಬೇಕು. ಮುಟ್ಟಿದರೆ ಅಲ್ಲೇ ಬೇರು, ಅಲ್ಲೇ ಹೊಸ ಗಿಡ. ಮುಟ್ಟದೆ ಗಾಳಿಯಲ್ಲಿ ನಿಂತ ಗೆಣ್ಣು ಒಣಗುತ್ತದೆ. ತೆಂಗಿನ ಗರಿಯ ಕಡ್ಡಿ ಮಡಚಿ ಬಳ್ಳಿಯನ್ನು ನೆಲಕ್ಕೆ ಚುಚ್ಚಿ. ಇಷ್ಟು ಮಾಡಿದರೆ ಮಳೆಗಾಲದಲ್ಲಿ ಎರಡು ತಿಂಗಳಿಗೆ ನೆಲ ಮುಚ್ಚುತ್ತದೆ. ಮಾವಿನ ದಪ್ಪ ಎಲೆ ಬಿದ್ದಲ್ಲಿ ಗೆಣ್ಣು ಮಣ್ಣಿಗೆ ತಾಗುವುದಿಲ್ಲ, ಅದಕ್ಕೆ ದರಕು ಕೈಯಲ್ಲೇ ಹೆಕ್ಕಿ ತೆಗೆಯಿರಿ. ಪೊರಕೆ ಹಾಕಬೇಡಿ, ಬಳ್ಳಿ ಕಿತ್ತು ಬರುತ್ತದೆ.

ನೀರು. ಆರ್‌ಓ ಬಿಡುವ ನೀರು ಬೇಡ. ನಿಮ್ಮ ಗಡಸು ನೀರಿನ ಉಪ್ಪು ಅದರಲ್ಲಿ ಇನ್ನೂ ದಪ್ಪಗೆ ಸೇರಿರುತ್ತದೆ. ಬರೀ ಬೋರ್ ನೀರಾದರೂ ಬೇಸಿಗೆಯಲ್ಲಿ ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ, ಎಲೆ ಅಂಚು ಸುಡುತ್ತದೆ. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು, ಕಾವೇರಿ ಬಂದ ದಿನ ಹಿಡಿದಿಟ್ಟ ನೀರು, ಇವು ಸೇರಿದರೆ ಆ ಜಾಗಕ್ಕೆ ಸಾಕಾಗುತ್ತದೆ. ಬೇಸಿಗೆಗೆ ಒಂದು ಉಪಾಯ ಇದೆ. ಬಣ್ಣ ಬಳಿಯದ ಮಣ್ಣಿನ ಮಡಕೆ ಎರಡು ಮೂರು ತಂದು ಕುತ್ತಿಗೆ ತನಕ ಹೂಳಿ. ನೀರು ತುಂಬಿ ಬಾಯಿ ಮುಚ್ಚಿ. ಮುಚ್ಚದಿದ್ದರೆ ಸೊಳ್ಳೆ. ಮಡಕೆ ಬೆವರಿ ಸುತ್ತಲೂ ತೇವ ಹಿಡಿಯುತ್ತದೆ. ಒಂದೆಲಗದ ಬೇರು ಮೇಲೆಯೇ ಇರುವುದರಿಂದ ಇದು ಇದಕ್ಕೆ ಹೇಳಿ ಮಾಡಿಸಿದ ವ್ಯವಸ್ಥೆ.

ಮಾವು ಹೂ ಬಿಡುವ ಹೊತ್ತಿಗೆ ಒಂದು ತೊಂದರೆ ಬರುತ್ತದೆ, ಈಗಲೇ ತಿಳಿದಿರಲಿ. ಹೂಗೊಂಚಲಿಗೆ ಜಿಗಿಹುಳ ಬಂದರೆ ಅಂಟು ಅಂಟು ರಸ ಕೆಳಗೆ ಸುರಿಯುತ್ತದೆ. ಅದು ಬಿದ್ದ ಎಲೆ ಮೇಲೆ ಕಪ್ಪು ಬೂಷ್ಟು ಕೂರುತ್ತದೆ. ಗಿಡ ಸಾಯುವುದಿಲ್ಲ, ಮೇಲಿನ ಎಲೆ ಸವರಿ ತೆಗೆದರೆ ಆಯಿತು. ಆದರೆ ಆಗ ಮಾವಿಗೆ ಔಷಧಿ ಹೊಡೆಸಿದರೆ ಅದು ನೇರ ಒಂದೆಲಗದ ಮೇಲೆ ಬೀಳುತ್ತದೆ. ಆ ಸೊಪ್ಪು ತಿನ್ನುವ ಹಾಗಿಲ್ಲ. ಪೂರ್ತಿ ಸವರಿ ಹಾಕಿ, ಹೊಸ ಚಿಗುರು ಬಂದ ಮೇಲೆಯೇ ಮುಟ್ಟಿ. ನನ್ನನ್ನು ಕೇಳಿದರೆ ಹಿತ್ತಿಲ ಮಾವಿಗೆ ಔಷಧಿಯೇ ಬೇಡ.

ಪ್ರಶ್ನೆ ಕೇಳಿದವರು: ಮಾವಿನಡಿ

ಕಾದಿಗೆ ದಂಡೆ ಅವರೇ, ತುಂಬಾ ಥ್ಯಾಂಕ್ಸ್. ಎಲೆ ಮಗುಚಿ ನೋಡಿದೆ, ತೊಟ್ಟು ನಡುಮಧ್ಯಕ್ಕೇ ಇದೆ. ಆ ಕುಂಡ ನೀರಿನ ತೊಟ್ಟಿ ಪಕ್ಕಕ್ಕೆ ಹೋಯಿತು. ಪತ್ರಿಕೆ ಪರೀಕ್ಷೆಯಲ್ಲಿ ಹತ್ತಡಿ ಪಾಸ್, ಗೋಡೆ ಮೂಲೆಯ ಐದಡಿ ಫೇಲ್. ಅಲ್ಲಿಗೆ ಮೊಂಡೋ ಹುಲ್ಲು ಹಾಕುತ್ತೇನೆ. ಇನ್ನೊಂದು ಕೇಳಬೇಕಿತ್ತು. ನಮ್ಮಲ್ಲಿ ಮಳೆ ಶುರುವಾದರೆ ದೊಡ್ಡ ಬಸವನಹುಳದ ಕಾಟ. ರಾತ್ರಿ ಬೆಳಗಾಗುವುದರಲ್ಲಿ ಬಸಳೆ ಸೊಪ್ಪು ಖಾಲಿ ಮಾಡುತ್ತವೆ. ಒಂದೆಲಗಕ್ಕೂ ಬರುತ್ತವಾ?

ಉತ್ತರ: ಕುಡ್ಲದ ಕೈತೋಟ (ಮಂಗಳೂರು)

ಬರುತ್ತವೆ ಮಾರಾಯ್ರೆ, ಬಿಡುವುದೇ ಇಲ್ಲ. ನಮ್ಮ ಕಡೆ ಇದಕ್ಕೆ ತಿಮರೆ ಅಂತೇವೆ. ವರ್ಷಕ್ಕೆ 3500 ಮಿ.ಮೀ. ದಾಟುವ ಮಳೆಯಲ್ಲಿ ತಿಮರೆಯನ್ನೂ ಬಸವನಹುಳವನ್ನೂ ಒಟ್ಟಿಗೆ ಸುಧಾರಿಸಬೇಕು.

ನಾನು ಮಾಡುವುದು ಇಷ್ಟೇ. ಸಂಜೆ ಹಳೇ ಗೋಣಿಚೀಲ ಒದ್ದೆ ಮಾಡಿ ಪಾತಿಯ ಅಂಚಿಗೆ ಹಾಸುತ್ತೇನೆ, ಅದರಡಿ ಎರಡು ಪಪ್ಪಾಯಿ ಎಲೆ. ಬೆಳಿಗ್ಗೆ ಚೀಲ ಎತ್ತಿದರೆ ಎಲ್ಲ ಅಲ್ಲೇ ಗುಂಪಾಗಿ ಕೂತಿರುತ್ತವೆ. ಗ್ಲೌಸ್ ಹಾಕಿ ಹೆಕ್ಕಿ ಉಪ್ಪುನೀರಿನ ಬಕೆಟ್ಟಿಗೆ ಹಾಕುವುದು. ಉಪ್ಪನ್ನು ಪಾತಿಗೆ ಎರಚಬೇಡಿ, ತಿಮರೆಯೇ ಸಾಯುತ್ತದೆ. ಅಂಗಡಿಯ ಬಸವನಹುಳದ ಗುಳಿಗೆಯೂ ಬೇಡ. ತಿನ್ನುವ ಸೊಪ್ಪಿನ ಮಧ್ಯೆ ಅದನ್ನು ಹಾಕುವುದಕ್ಕೆ ನನಗೆ ಮನಸ್ಸಿಲ್ಲ, ನಾಯಿ ತಿಂದರೆ ನಾಯಿಯ ಜೀವಕ್ಕೇ ಅಪಾಯ.

ಮುಖ್ಯ ವಿಷಯ ಇನ್ನೊಂದಿದೆ. ಈ ದೊಡ್ಡ ಆಫ್ರಿಕನ್ ಬಸವನಹುಳದಲ್ಲಿ ಇಲಿಯಿಂದ ಬರುವ ಒಂದು ಪರೋಪಜೀವಿ ಹುಳ ಇರಬಹುದು, ಮನುಷ್ಯರ ಮೆದುಳಿನ ಪೊರೆಗೆ ಬಾವು ತರುವಂಥದ್ದು. ಹಾಗಾಗಿ ಹಸಿ ತಿನ್ನುವ ಎಲೆಯನ್ನು ಒಂದೊಂದಾಗಿ, ಹರಿಯುವ ನೀರಿನಲ್ಲಿ, ಅಡಿಭಾಗವನ್ನೂ ಬೆರಳಲ್ಲಿ ಉಜ್ಜಿ ತೊಳೆಯಬೇಕು. ಹುಳ ಹರಿದ ಅಂಟು ಇರುವ ಎಲೆ, ಅರ್ಧ ತಿಂದ ಎಲೆ ಬಿಸಾಡಿ. ಬಸವನಹುಳ ಜಾಸ್ತಿ ಇರುವ ಜೂನ್‌, ಜುಲೈಯಲ್ಲಿ ನಾವು ತಿಮರೆ ಚಟ್ನಿಯನ್ನು ಹಸಿಯಾಗಿ ರುಬ್ಬುವುದಿಲ್ಲ. ಎಲೆಯನ್ನು ಬೇಯಿಸಿಯೇ ತೆಂಗಿನಕಾಯಿ, ಒಣಮೆಣಸು, ಹುಣಸೆಹಣ್ಣಿನ ಜೊತೆ ರುಬ್ಬುತ್ತೇವೆ.

ಮತ್ತೆ, ವಿಪರೀತ ಮಳೆಗೆ ಎಲೆ ಮೇಲೆ ಕಂದು ಚುಕ್ಕೆ ಬಿದ್ದು ಕೊಳೆತರೆ ಹೆದರಬೇಡಿ. ಪಾತಿ ದಟ್ಟವಾಗಿದೆ ಅಂತ ಅರ್ಥ. ಕೈಗೆ ಬಂದಷ್ಟು ತೆಗೆದು ಗಾಳಿ ಆಡಲು ಬಿಡಿ.

ಉತ್ತರ: ಕಾದಿಗೆ ದಂಡೆ

ಕುಡ್ಲದವರು ತೊಳೆಯುವ ವಿಷಯ ಹೇಳಿದ್ದು ತುಂಬಾ ಒಳ್ಳೆಯದಾಯಿತು. ಎಲ್ಲರೂ ಎರಡು ಸಲ ಓದಿ.

ಕೊಯ್ಲಿನ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಕಿತ್ತು ತೆಗೆಯಬೇಡಿ. ತೊಟ್ಟನ್ನು ಬುಡದ ಹತ್ತಿರ ಉಗುರಿನಲ್ಲಿ ಚಿವುಟಿ, ಬಳ್ಳಿ ಅಲುಗಬಾರದು. ಒಂದು ಬದಿಯಿಂದ ಕೊಯ್ಯುತ್ತಾ ಹೋಗಿ, ಇನ್ನೊಂದು ಬದಿ ಮುಟ್ಟುವಷ್ಟರಲ್ಲಿ ಮೊದಲಿನದು ಚಿಗುರಿರುತ್ತದೆ. ಕೊಯ್ದಲ್ಲಿ ಗೊಬ್ಬರದ ಪುಡಿಯನ್ನು ತೆಳ್ಳಗೆ ಉದುರಿಸಿ ನೀರು ಚಿಮುಕಿಸಿ. ವರ್ಷ ಎರಡು ವರ್ಷಕ್ಕೆ ಪಾತಿಯ ಮಧ್ಯೆ ಬಳ್ಳಿ ಮೇಲೆ ಬಳ್ಳಿ ಕಟ್ಟಿ ಎಲೆ ಸಣ್ಣ ಆಗುತ್ತದೆ. ಆಗ ಒಂದಡಿ ಚೌಕ ಬಿಟ್ಟು ಒಂದಡಿ ಚೌಕ ಗುದ್ದಲಿಯಲ್ಲಿ ಎತ್ತಿ, ಹೊಸ ಮಣ್ಣು ತುಂಬಿ. ಪಕ್ಕದಿಂದ ತಾನೇ ಬಂದು ಮುಚ್ಚುತ್ತದೆ. ಎತ್ತಿದ್ದನ್ನು ಅಕ್ಕಪಕ್ಕದವರಿಗೆ ಕೊಡಿ.

ಕಳೆಯಲ್ಲಿ ಜೇಕಿನ ಗಡ್ಡೆಯೊಂದನ್ನು ನೆಡುವ ಮೊದಲೇ ಪೂರ್ತಿ ಆರಿಸಿ ತೆಗೆಯಬೇಕು. ಒಂದೆಲಗ ಹಬ್ಬಿದ ಮೇಲೆ ಅದರ ಮಧ್ಯದಿಂದ ಜೇಕು ಕೀಳುವುದು ಆಗದ ಕೆಲಸ. ಪುಳಿಯಾರೆ ಸೊಪ್ಪು ಬಂದರೆ ಬರಲಿ, ಅದೂ ತಂಬುಳಿಗೆ ಆಗುತ್ತದೆ.

ಅಮ್ಮನಿಗೆ ನಮ್ಮ ಮನೆ ತಂಬುಳಿ ಹೇಳಿ. ಒಂದು ಹಿಡಿ ಎಲೆ. ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು ಹುರಿದು, ಅದಕ್ಕೇ ಎಲೆ ಹಾಕಿ ಚೆನ್ನಾಗಿ ಬಾಡಿಸಿ. ಅರ್ಧ ಬಟ್ಟಲು ಕಾಯಿತುರಿ ಜೊತೆ ನುಣ್ಣಗೆ ರುಬ್ಬಿ, ಹುಳಿಯಿಲ್ಲದ ಮಜ್ಜಿಗೆ ಸೇರಿಸಿ, ಉಪ್ಪು. ಮಜ್ಜಿಗೆ ಸೇರಿದ ಮೇಲೆ ಕುದಿಸುವ ಹಾಗಿಲ್ಲ. ಅನ್ನಕ್ಕೆ ಕಲಸಿಕೊಳ್ಳುವಷ್ಟು ತಿಂದರೆ ಸಾಕು. ಜ್ಞಾಪಕಶಕ್ತಿಗೆ ಅಂತ ಮಕ್ಕಳಿಗೆ ಲೋಟಗಟ್ಟಲೆ ರಸ ಕುಡಿಸುವುದು ಬೇಡ. ಬಸುರಿಯರು, ಬೇರೆ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ತಿನ್ನಲಿ.

ನೆಟ್ಟು ಎರಡು ತಿಂಗಳಾದ ಮೇಲೆ ಒಂದು ಫೋಟೋ ಹಾಕಿ. ಮೇಲಿನಿಂದ ತೆಗೆದರೆ ಎಲ್ಲ ಹಸಿರೇ ಕಾಣುತ್ತದೆ, ಏನೂ ತಿಳಿಯುವುದಿಲ್ಲ. ನೆಲಮಟ್ಟದಲ್ಲಿ ಪಕ್ಕದಿಂದ, ತೊಟ್ಟು ಕಾಣುವ ಹಾಗೆ ತೆಗೆಯಿರಿ. ಮಾವಿನ ಕೊಂಬೆ ಇನ್ನೊಂದು ತೆಗೆಸಬೇಕಾ ಬೇಡವಾ ಅಂತ ಆಗ ಹೇಳುತ್ತೇನೆ.